ಸಾಲಿನ ಕೊನೆಯಲ್ಲಿ ಯಾರಿದ್ದಾರೆ?

ಭಾನುವಾರ ಬೆಳಗಿನ ಆರು ಗಂಟೆಗೆ ಕಬ್ಬನ್ ಪಾರ್ಕಿಗೋ ಲಾಲ್‌ಬಾಗಿಗೋ ಹೋದವರಿಗೆ ಅಲ್ಲಿ ಎರಡು ಬಗೆಯ ಜನ ಕಾಣಸಿಗುತ್ತಾರೆ. ನಡೆಯುವವರು ಒಂದು ಬಗೆ. ಕಿವಿ ಮುಚ್ಚುವ ಉಣ್ಣೆಯ ಟೋಪಿ, ಹೆಗಲ ಮೇಲೊಂದು ಶಾಲು, ಬಾಯಿ ತುಂಬ ರಾಜಕೀಯ. ಇವರು ಹಿಂದಿನಿಂದಲೂ ಇದ್ದವರು, ಮುಂದೆಯೂ ಇರತಕ್ಕವರು. ಓಡುವವರದು ಇನ್ನೊಂದು ಬಗೆ. ಇವರು ಒಂಟಿಯಾಗಿ ಬರುವುದು ಅಪರೂಪ. ಒಂದೇ ಬಣ್ಣದ ಬನಿಯನ್ನು ತೊಟ್ಟು, ವರ್ತುಲವಾಗಿ ನಿಂತು, ಕೈಕಾಲುಗಳನ್ನು ಸಡಿಲಿಸಿಕೊಂಡು, ಯಾರೋ ಒಬ್ಬರು ಶಿಳ್ಳೆ ಹಾಕಿದೊಡನೆ ಹೊರಟುಬಿಡುತ್ತಾರೆ. ನಮ್ಮ ನಗರದ ಬಡಾವಣೆ ಬಡಾವಣೆಯಲ್ಲಿಯೂ ಈಗ ಇಂಥ ಓಟದ ಕ್ಲಬ್ಬುಗಳು ಹುಟ್ಟಿಕೊಂಡಿವೆ. ಬೆಂಚಿನ ಮೇಲೆ ಕುಳಿತು ನೋಡುವವರಿಗೆ ಅದೊಂದು ತಮಾಷೆ. ನೋಡುತ್ತಿರುವವರಲ್ಲಿ ಒಬ್ಬಿಬ್ಬರಿಗೆ ಮಾತ್ರ ಅದು ತಮಾಷೆಯಲ್ಲ. ಒಳಗೊಳಗೇ ಕಾಲು ತುಡಿಯುತ್ತಿರುತ್ತದೆ.

ಅಂಥ ಸೋದರಿಯೊಬ್ಬರು ಬಸವನಗುಡಿಯಿಂದ ಒಂದು ಕಾಗದ ಬರೆದಿದ್ದಾರೆ. ಅವರಿಗೆ ಈಗ ನಲವತ್ಮೂರು ವರ್ಷ. ಕಾಲೇಜಿನ ದಿನಗಳಲ್ಲಿ 1,500 ಮೀಟರ್ ಓಟದಲ್ಲಿ ತಮ್ಮ ಕಾಲೇಜನ್ನು ಪ್ರತಿನಿಧಿಸಿದ್ದವರು. ಮದುವೆಯಾಯಿತು, ಮಕ್ಕಳಾದುವು, ಉದ್ಯೋಗ ಸೇರಿತು. ಓಟ ನಿಂತು ಹತ್ತೊಂಬತ್ತು ವರ್ಷವಾಯಿತು. ಈಚಿನ ನಾಲ್ಕು ವರ್ಷಗಳಲ್ಲಿ ಮೂರು ಬಾರಿ ಮತ್ತೆ ಆರಂಭಿಸಿದರಂತೆ. ಮೂರು ಬಾರಿಯೂ ಒಂದೇ ಕಥೆ. ಮೊದಲ ವಾರ ಏದುಸಿರು. ಎರಡನೆಯ ವಾರಕ್ಕೆ ಉಸಿರು ಹದಕ್ಕೆ ಬಂದು ಮನಸ್ಸು ಹಿಗ್ಗುತ್ತದೆ. ಮೂರನೆಯ ವಾರದ ಹೊತ್ತಿಗೆ ಕಣಕಾಲಿನ ಎಲುಬಿನುದ್ದಕ್ಕೂ ನೋವು ಕಾಣಿಸಿಕೊಂಡು ಮೆಟ್ಟಿಲು ಇಳಿಯುವುದೂ ಕಷ್ಟವಾಗುತ್ತದೆ. ಈಗ ಅವರ ಮನೆಯ ಸಮೀಪದ ಉದ್ಯಾನದಲ್ಲಿ ಕ್ಲಬ್ಬೊಂದು ಸೇರುತ್ತಿದೆ. ಪಕ್ಕದ ಮನೆಯ ಹುಡುಗಿ ಬಾರೆಂದು ಕರೆಯುತ್ತಿದ್ದಾಳೆ. ಇಪ್ಪತ್ತೈದರ ಹುಡುಗರ ಹಿಂದೆ ಈ ವಯಸ್ಸಿನಲ್ಲಿ ತಾನು ಏದುತ್ತಾ ಹೋಗುವುದು ಶೋಭೆಯೇ, ಒಬ್ಬಳೇ ಓಡಿದಾಗಲೇ ನೋಯುವ ಕಾಲು ಅವರೊಡನೆ ಓಡಿದರೆ ಮುರಿದೇ ಹೋಗದೇ, ಎಂದು ಅವರ ಪ್ರಶ್ನೆ. ಕಾಗದದ ಕೊನೆಯಲ್ಲಿ ಇನ್ನೊಂದು ಮಾತಿದೆ: ಈ ಸಲವೂ ಆಗದೆ ಹೋದರೆ ಓಟದ ಯೋಚನೆಯನ್ನು ಶಾಶ್ವತವಾಗಿ ಬಿಟ್ಟುಬಿಡುವರಂತೆ.

ಆ ಕೊನೆಯ ಮಾತಿಗಾಗಿ ಈ ವಾರದ ಪುಟವನ್ನೆಲ್ಲ ಅವರಿಗೇ ಮೀಸಲಿಡಬೇಕೆನಿಸಿತು.

ಮೊದಲು ಕಾಲಿನ ವಿಚಾರ. ಸೋದರಿಯವರು ತಮ್ಮ ಮೂರು ಸೋಲುಗಳಿಗೂ ವಯಸ್ಸನ್ನು ದೂರುತ್ತಾರೆ; ದೂರಬೇಕಾದದ್ದು ನೆನಪನ್ನು. ಓಟವನ್ನು ನಿಲ್ಲಿಸಿದಾಗ ದೇಹ ತನ್ನ ಗಳಿಕೆಯನ್ನೆಲ್ಲ ಒಂದೇ ಬಾರಿಗೆ ಕಳೆದುಕೊಳ್ಳುವುದಿಲ್ಲ. ಮತ್ತೆ ಆರಂಭಿಸಿದಾಗ ಒಂದೇ ಬಾರಿಗೆ ಪಡೆದುಕೊಳ್ಳುವುದೂ ಇಲ್ಲ. ಮೊದಲು ಇಳಿಯುವುದು ರಕ್ತದಲ್ಲಿನ ದ್ರವಾಂಶ; ಅದರಿಂದಾಗಿ ಹೃದಯ ಪ್ರತಿ ಬಡಿತಕ್ಕೂ ಹೊರದೂಡುವ ರಕ್ತದ ಪ್ರಮಾಣ ತಗ್ಗುತ್ತದೆ. 1984ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನದಲ್ಲಿ ಚೆನ್ನಾಗಿ ಪಳಗಿದ ಏಳು ಮಂದಿ ಕ್ರೀಡಾಪಟುಗಳನ್ನು 84 ದಿನ ಅಭ್ಯಾಸ ಬಿಡಿಸಿ ಪರೀಕ್ಷಿಸಿದರು. ಮೊದಲ ಮೂರು ವಾರಗಳೊಳಗೆ ಅವರ ದೇಹ ಆಮ್ಲಜನಕವನ್ನು ಬಳಸಿಕೊಳ್ಳುವ ಶಕ್ತಿ ನೂರಕ್ಕೆ ಏಳರಷ್ಟು ಇಳಿಯಿತು. ಎಂಟು ವಾರಗಳಿಗೆ ನೂರಕ್ಕೆ ಹದಿನಾರರಷ್ಟು ಇಳಿದು ಅಲ್ಲಿಗೆ ನಿಂತಿತು. ಆಗಲೂ ಅವರ ಶಕ್ತಿ ಎಂದೂ ಅಭ್ಯಾಸ ಮಾಡದವರಿಗಿಂತ ಮೇಲೆಯೇ ಇತ್ತು. ಹತ್ತೊಂಬತ್ತು ವರ್ಷದ ಬಿಡುವಿಗೂ 84 ದಿನದ ಬಿಡುವಿಗೂ ಅಜಗಜಾಂತರವೆಂಬುದೇನೋ ದಿಟ. ಅಷ್ಟು ಕಾಲದಲ್ಲಿ ಹಳೆಯ ಗಳಿಕೆ ಬಹುಮಟ್ಟಿಗೆ ಕರಗಿಹೋಗಿರುತ್ತದೆ. ಮೂವತ್ತರ ಮೇಲೆ ಕುಳಿತೇ ಬಾಳುವವರಲ್ಲಿ ಈ ಶಕ್ತಿ ದಶಕಕ್ಕೆ ಸುಮಾರು ನೂರಕ್ಕೆ ಹತ್ತರಂತೆ ಕುಗ್ಗುತ್ತದೆ. ಆದರೂ ಮತ್ತೆ ಓಡತೊಡಗಿದರೆ ಎಲ್ಲಕ್ಕಿಂತ ಮೊದಲು ಎಚ್ಚರಗೊಳ್ಳುವುದು ಉಸಿರು ಮತ್ತು ಹೃದಯಗಳೇ. ಎರಡು ಮೂರು ವಾರಗಳಲ್ಲಿಯೇ ವ್ಯತ್ಯಾಸ ತಿಳಿಯುತ್ತದೆ.

ಉರುಳು ಇರುವುದು ಇಲ್ಲಿಯೇ. ಎಲುಬು, ಸ್ನಾಯುರಜ್ಜುಗಳಿಗೆ ಈ ಅವಸರವಿಲ್ಲ. ಸ್ನಾಯುರಜ್ಜುಗಳಿಗೆ ರಕ್ತದ ಪೂರೈಕೆಯೇ ಕಡಮೆ. ಅವು ತಿಂಗಳುಗಟ್ಟಲೆ ತೆಗೆದುಕೊಂಡು ಬಲಿಯುತ್ತವೆ. ಎಲುಬಿನ ರೀತಿಯಂತೂ ಇನ್ನೂ ವಿಚಿತ್ರ. ಹೊಸ ಭಾರ ಬಿದ್ದಾಗ ಅದು ಮೊದಲು ತನ್ನ ಹಳೆಯ ಭಾಗವನ್ನು ಕೆಡವಿ, ಆಮೇಲೆ ಹೊಸದನ್ನು ಕಟ್ಟುತ್ತದೆ. ಕೆಡವುವ ಕೆಲಸ ಕೆಲವು ವಾರಗಳಲ್ಲಿ ಮುಗಿಯುತ್ತದೆ, ಕಟ್ಟುವುದಕ್ಕೆ ಕೆಲವು ತಿಂಗಳುಗಳು ಬೇಕು. ಮನೆ ರಿಪೇರಿ ಮಾಡಿಸಿದವರಿಗೆ ಇದನ್ನು ವಿವರಿಸಬೇಕಾದದ್ದಿಲ್ಲ! ಎಂದಮೇಲೆ ಆರಂಭಿಸಿದ ಮೂರನೆಯ, ನಾಲ್ಕನೆಯ ವಾರದಲ್ಲಿ ಎಲುಬು ಬಲಗೊಂಡಿರುವುದಿಲ್ಲ, ಮೊದಲಿಗಿಂತ ತುಸು ಬಡವಾಗಿಯೇ ಇರಬಹುದು. ಓಡುವಾಗ ಪ್ರತಿ ಹೆಜ್ಜೆಗೂ ಕಾಲಿನ ಮೇಲೆ ದೇಹದ ತೂಕದ ಎರಡು ಮೂರರಷ್ಟು ಭಾರ ಬೀಳುತ್ತದೆ. ನಿಮಿಷಕ್ಕೆ 160 ಹೆಜ್ಜೆಯೆಂದರೂ ಅರ್ಧ ಗಂಟೆಗೆ 4,800 ಪೆಟ್ಟು. ಸರಿಯಾಗಿ ಅದೇ ವಾರದಲ್ಲಿ ಉಸಿರು ಹದಕ್ಕೆ ಬಂದು, “ಇನ್ನೇನು, ಹಳೆಯ ವೇಗ ಬಂದೇಬಿಟ್ಟಿತು” ಎಂದು ಕಿವಿಯಲ್ಲಿ ಹೇಳುತ್ತದೆ. ಹಿಂದೆ ಎಂದೂ ಓಡದವನಿಗೆ ಹಳೆಯ ವೇಗವೆಂಬುದೇ ಇಲ್ಲ. ಅವನು ಪಾಪ, ಅಂಜುತ್ತಂಜುತ್ತಲೇ ಮುಂದುವರಿಯುತ್ತಾನೆ. ಒಂದು ಕಾಲದಲ್ಲಿ ಚೆನ್ನಾಗಿ ಓಡಿದ್ದವರು ಮಾತ್ರ ಈ ಮಾತನ್ನು ನಂಬುತ್ತಾರೆ. ನಮ್ಮ ಸೋದರಿಯವರು ಮೂರು ಬಾರಿ ನಂಬಿದ್ದಾರೆ.

ಹೀಗಿರುವಾಗ ಅವರಿಗೆ ಬೇಕಾದದ್ದು ಇನ್ನಷ್ಟು ವೇಗವಾಗಿ ಓಡಿಸುವ ಜನವಲ್ಲ, ನಿಧಾನವಾಗಿ ಓಡಿಸುವ ಜನ. ಕ್ಲಬ್ಬಿನ ನಿಜವಾದ ಉಪಯೋಗ ಇದೇ ಎಂದು ನನ್ನ ಅಭಿಪ್ರಾಯ. ಹುರುಪು ಬರುತ್ತದೆ, ಬೆಳಗ್ಗೆ ಎದ್ದೇಳಲು ನೆಪವಾಗುತ್ತದೆ ಎಂಬುದೆಲ್ಲ ಸರಿಯೇ. ಆದರೆ ಹುರುಪು ಸಾಲದೆ ಅವರು ಸೋತವರಲ್ಲ.

ಇದಕ್ಕೆ ನ್ಯೂಜಿಲೆಂಡಿನಲ್ಲಿ ನಡೆದ ಒಂದು ಸಂಗತಿಯನ್ನು ಹೇಳಬೇಕು. ಆ ದೇಶದ ಆಕ್ಲೆಂಡ್ ನಗರದಲ್ಲಿ ಆರ್ಥರ್ ಲಿಡಿಯಾರ್ಡ್ ಎಂಬ ಓಟದ ಗುರು ಇದ್ದರು. ಬೂಟಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಈತನ ಶಿಷ್ಯರಾದ ಪೀಟರ್ ಸ್ನೆಲ್ ಮತ್ತು ಮರ್ರೆ ಹಾಲ್ಬರ್ಗ್ 1960ರ ರೋಂ ಒಲಿಂಪಿಕ್ಸಿನಲ್ಲಿ ಒಂದೇ ಮಧ್ಯಾಹ್ನ 800 ಮೀಟರ್ ಮತ್ತು 5,000 ಮೀಟರ್ ಓಟಗಳ ಚಿನ್ನದ ಪದಕಗಳನ್ನು ಗೆದ್ದರು. ಜಗತ್ತು ಅವರ ಶಿಷ್ಯರನ್ನು ನೋಡಿ ಬೆರಗಾಗಿದ್ದ ಕಾಲದಲ್ಲಿ ಲಿಡಿಯಾರ್ಡ್ ಬೇರೊಂದು ಕೆಲಸಕ್ಕೆ ಕೈಹಾಕಿದ್ದರು. ಹೊಟ್ಟೆ ಬಂದಿದ್ದ ನಡುವಯಸ್ಕರು, ಹೃದಯಾಘಾತದಿಂದ ಚೇತರಿಸಿಕೊಂಡವರು, ಇಂಥವರನ್ನೆಲ್ಲ ಕಲೆಹಾಕಿ ನಿಧಾನವಾಗಿ ಓಡಿಸಲು ಒಂದು ಕ್ಲಬ್ಬು ಕಟ್ಟಿಸಿದರು. ಹೃದ್ರೋಗಿಯೆಂದರೆ ಹಾಸಿಗೆಯಲ್ಲಿ ಮಲಗಿರಬೇಕೆಂದು ವೈದ್ಯರೇ ವಿಧಿಸುತ್ತಿದ್ದ ಕಾಲವದು.

1962ರಲ್ಲಿ ಅಮೆರಿಕದ ಆರೆಗಾನ್ ವಿಶ್ವವಿದ್ಯಾನಿಲಯದ ನಾಲ್ವರು ಹುಡುಗರು, ಒಬ್ಬೊಬ್ಬರು ಒಂದೊಂದು ಮೈಲಿ ಓಡುವ ರಿಲೇ ಪಂದ್ಯದಲ್ಲಿ ನ್ಯೂಜಿಲೆಂಡಿನವರ ವಿಶ್ವದಾಖಲೆಯನ್ನು ಮುರಿದರು. ಆ ಹುಡುಗರೊಡನೆ ಅವರ ಗುರು ಬಿಲ್ ಬೋವರ್‌ಮನ್ ನ್ಯೂಜಿಲೆಂಡಿಗೆ ಬಂದರು. ಐವತ್ತು ದಾಟಿದ ಈತ ತಾರುಣ್ಯದಲ್ಲಿ ಸ್ವತಃ ಓಟಗಾರ. ಮುಂದೆ ನೈಕಿ ಎಂಬ ಬೂಟಿನ ಕಂಪೆನಿಯ ಸ್ಥಾಪಕರಲ್ಲಿ ಒಬ್ಬನಾಗಿ ಹೆಸರಾದವನೂ ಈತನೇ. ಓಡುವುದನ್ನು ಬಿಟ್ಟು ಓಡಿಸುವುದನ್ನು ಹಿಡಿದು ಎಷ್ಟೋ ವರ್ಷಗಳಾಗಿದ್ದರೂ ತನಗೆ ಇನ್ನೂ ಕಸುವಿದೆಯೆಂದೇ ಆತನ ಎಣಿಕೆ. ಒಂದು ಭಾನುವಾರ ಲಿಡಿಯಾರ್ಡ್ ಅವನನ್ನು ತಮ್ಮ ಕ್ಲಬ್ಬಿನವರೊಡನೆ ಓಡಲು ಕರೆದೊಯ್ದರು. ಆಕ್ಲೆಂಡಿನ ನಡುವೆ ‘ಒಂದೇ ಮರದ ಗುಡ್ಡ’ ಎಂಬರ್ಥದ ಹೆಸರಿನ ಒಂದು ಹಳೆಯ ಜ್ವಾಲಾಮುಖಿಯ ಗುಡ್ಡವಿದೆ. ಗುಂಪು ಅದರತ್ತ ಹೊರಟಿತು. ಸಮತಟ್ಟಿನಲ್ಲಿ ಹೇಗೋ ಸಾಗಿದ ಬೋವರ್‌ಮನ್ ಏರು ಬಂದೊಡನೆ ಹಿಂದೆ ಬಿದ್ದನು. ಗಂಡಸರು, ಹೆಂಗಸರು, ಮುದುಕರು ಎಲ್ಲರೂ ಮುಂದೆ ಹೋದರು. ಆಗ ಎಪ್ಪತ್ತು ದಾಟಿದ, ಹೃದಯಾಘಾತಗಳನ್ನು ಕಂಡು ಉಳಿದಿದ್ದ ವೃದ್ಧರೊಬ್ಬರು ಬೇಕೆಂದೇ ತಮ್ಮ ಓಟವನ್ನು ತಗ್ಗಿಸಿ ಈತನ ಜೊತೆಗೆ ಬಂದರು. ದಾರಿಯುದ್ದಕ್ಕೂ ಆ ವೃದ್ಧರು ಮಾತಾಡಿದರು. ಜಗದ್ವಿಖ್ಯಾತ ತರಬೇತುದಾರನಿಗೆ ಉತ್ತರ ಕೊಡಲು ಉಸಿರಿರಲಿಲ್ಲ.

ಬೋವರ್‌ಮನ್ ಅವಮಾನದಿಂದ ಊರಿಗೆ ಹಿಂದಿರುಗಿಬಿಡಬಹುದಾಗಿತ್ತು. ಹಾಗೆ ಮಾಡದೆ, ಅಲ್ಲಿದ್ದ ಉಳಿದ ವಾರಗಳೆಲ್ಲ ಆ ನಿಧಾನದ ಗುಂಪಿನೊಡನೆಯೇ ಓಡಿದನು. ನಡು ಸಣ್ಣದಾಯಿತು, ಉಸಿರು ನಿಂತಿತು, ಮಾತಾಡುತ್ತಾ ಓಡುವುದು ಸಾಧ್ಯವಾಯಿತು. ಆ ವೃದ್ಧರ ಮಾತುಗಾರಿಕೆಯಲ್ಲಿ ಒಂದು ಮರ್ಮವಿದೆಯೆಂಬುದನ್ನು ವಾಚಕರು ಗಮನಿಸಿರಬಹುದು. ಜೊತೆಯವರೊಡನೆ ಪೂರ್ಣ ವಾಕ್ಯಗಳಲ್ಲಿ ಮಾತಾಡುತ್ತಾ ಓಡಲು ಸಾಧ್ಯವಾದರೆ ವೇಗ ಸರಿಯಾಗಿದೆ. ಎರಡೆರಡು ಪದಕ್ಕೆ ನಿಲ್ಲಬೇಕಾದರೆ ಹೆಚ್ಚಾಗಿದೆ. ಇಂದಿಗೂ ವ್ಯಾಯಾಮದ ತಜ್ಞರು ಹೊಸಬರಿಗೆ ಹೇಳುವ ಅಳತೆ ಇದೇ. ಸಾವಿರಾರು ರೂಪಾಯಿಯ ಕೈಗಡಿಯಾರ ಹೇಳುವುದನ್ನು ಇದು ಬಿಟ್ಟಿಯಾಗಿ ಹೇಳುತ್ತದೆ. ಆದರೆ ಒಬ್ಬರೇ ಓಡುವವರು ಮಾತಾಡುವುದಾದರೂ ಯಾರೊಡನೆ?

ನ್ಯೂಜಿಲೆಂಡಿನವರಿಗೆ ಈ ರೀತಿ ಬಂದದ್ದು ಇಂಗ್ಲೆಂಡಿನ ಹಳೆಯ ಓಟದ ಕ್ಲಬ್ಬುಗಳಿಂದ. ಮೊಲದ ಬೇಟೆಯ ನಾಯಿಗಳಿಗೆ ಅಲ್ಲಿ ‘ಹ್ಯಾರಿಯರ್’ ಎಂದು ಹೆಸರು. ಕಾಡುಮೇಡುಗಳಲ್ಲಿ ಗುಂಪಾಗಿ ಓಡುವ ಈ ಕ್ಲಬ್ಬುಗಳವರೂ ತಮ್ಮನ್ನು ಅದೇ ಹೆಸರಿನಿಂದ ಕರೆದುಕೊಂಡರು. ಅವುಗಳಲ್ಲಿ ಅತ್ಯಂತ ಹಳೆಯದೆನಿಸಿದ ‘ಥೇಮ್ಸ್ ಹೇರ್ ಅಂಡ್ ಹೌಂಡ್ಸ್’ 1868ರಷ್ಟು ಹಿಂದಿನದು. ಈ ಸಂಪ್ರದಾಯದಲ್ಲಿ ಎಲ್ಲರೂ ಒಂದೇ ಗುಂಪಾಗಿ ಓಡುವುದಿಲ್ಲ; ವೇಗಕ್ಕೆ ತಕ್ಕಂತೆ ಗುಂಪುಗಳನ್ನು ಮಾಡಿ, ಗುಂಪಿನ ಜವಾಬ್ದಾರಿಯನ್ನು ಅನುಭವಸ್ಥರೊಬ್ಬರಿಗೆ ವಹಿಸುತ್ತಾರೆ. ನಿಧಾನದ ಗುಂಪಿನ ನಾಯಕನ ಕೆಲಸ ಮುಂದೆ ಓಡುವುದಲ್ಲ, ಯಾರೂ ಮುಂದೆ ಓಡದಂತೆ ನೋಡಿಕೊಳ್ಳುವುದು.

ಬೋವರ್‌ಮನ್ 1963ರಲ್ಲಿ ತನ್ನ ಊರಾದ ಯೂಜೀನಿಗೆ ಹಿಂದಿರುಗಿ, ಓಡಬಯಸುವ ನಾಗರಿಕರೆಲ್ಲ ವಿಶ್ವವಿದ್ಯಾನಿಲಯದ ಮೈದಾನಕ್ಕೆ ಬರಬಹುದೆಂದು ಸಾರಿದನು. ಮೊದಲ ಸಲ ಬೆರಳೆಣಿಕೆಯ ಜನ ಬಂದರು; ಕೆಲವೇ ವಾರಗಳಲ್ಲಿ ಮೈದಾನ ತುಂಬತೊಡಗಿತು. ಆಗ ಆತ ಮಾಡಿದ ಕೆಲಸ ನನಗೆ ಬಹಳ ಮೆಚ್ಚುಗೆಯಾದುದು: ಜನ ಹೆಚ್ಚಿದರೆಂದು ಹಿಗ್ಗದೆ, ಇವರಲ್ಲಿ ಯಾರಾದರೂ ಸತ್ತಾರೆಂದು ಹೆದರಿ, ಎಲ್ಲರನ್ನೂ ಮನೆಗೆ ಕಳುಹಿಸಿಬಿಟ್ಟನು. ಆಮೇಲೆ ವಾಲ್ಡೊ ಹ್ಯಾರಿಸ್ ಎಂಬ ಹೃದಯತಜ್ಞರೊಡನೆ ಕುಳಿತು, ನಡುವಯಸ್ಕರನ್ನು ಸಣ್ಣ ಸಣ್ಣ ತಂಡಗಳಾಗಿ ವಿಂಗಡಿಸಿ, ನಡಿಗೆ ಓಟಗಳನ್ನು ಬೆರೆಸಿ, ವಾರ ವಾರಕ್ಕೂ ಎಷ್ಟು ಏರಿಸಬೇಕೆಂಬುದನ್ನು ಪರೀಕ್ಷಿಸಿ ನೋಡಿದನು. ಅದರ ಫಲವಾಗಿ 1967ರಲ್ಲಿ ಹೊರಬಂದ ‘ಜಾಗಿಂಗ್’ ಎಂಬ ಪುಟ್ಟ ಪುಸ್ತಕ ಲಕ್ಷಗಟ್ಟಲೆ ಮಾರಾಟವಾಯಿತು. ಅಮೆರಿಕದ ಬೀದಿಗಳಲ್ಲಿ ಗೃಹಸ್ಥರು ಚಡ್ಡಿ ತೊಟ್ಟು ಓಡಲು ತೊಡಗಿದ್ದಕ್ಕೆ ಈ ಪುಸ್ತಕವೂ ಒಂದು ಮುಖ್ಯ ಕಾರಣ.

ಇನ್ನು ನಮ್ಮ ಊರಿನ ಕ್ಲಬ್ಬುಗಳ ಮಾತು. ಎಲ್ಲವೂ ಆಕ್ಲೆಂಡಿನ ಆ ಕ್ಲಬ್ಬಿನಂತಿವೆಯೆಂದು ಹೇಳಲಾರೆ. ಸೇರಿದ ಎರಡನೆಯ ತಿಂಗಳಿಗೇ 21 ಕಿಲೋಮೀಟರಿನ ಅರ್ಧ ಮ್ಯಾರಥಾನಿಗೆ ಹೆಸರು ಬರೆಸಿಬಿಡುವ ಕ್ಲಬ್ಬುಗಳಿವೆ. ಓಡುವುದಕ್ಕಿಂತ ಪಟ ತೆಗೆಸಿಕೊಳ್ಳುವುದಕ್ಕೇ ಹೆಚ್ಚು ಹೊತ್ತು ಕೊಡುವವೂ ಇವೆ. ಯಾರು ಎಷ್ಟು ದೂರವನ್ನು ಎಷ್ಟು ನಿಮಿಷಕ್ಕೆ ಓಡಿದರೆಂಬುದನ್ನು ದಿನವೂ ವಾಟ್ಸಾಪಿನಲ್ಲಿ ಪಟ್ಟಿ ಹಾಕಿ, ನಿಧಾನದವರಿಗೆ ನಾಚಿಕೆಯಾಗುವಂತೆ ಮಾಡುವವೂ ಇವೆ. ಮಗುವನ್ನು ಶಾಲೆಗೆ ಸೇರಿಸುವಾಗ ಮಾಡುವಷ್ಟೇ ವಿಚಾರವನ್ನು ಇಲ್ಲಿಯೂ ಮಾಡಬೇಕು. ಸೋದರಿಯವರು ಮೊದಲ ಭಾನುವಾರ ಓಡದೆ ಸುಮ್ಮನೆ ಹೋಗಿ ಬೆಂಚಿನ ಮೇಲೆ ಕುಳಿತು ನೋಡಲಿ. ಮುಂದೆ ಓಡುವವರನ್ನು ನೋಡಬೇಕಾದದ್ದಿಲ್ಲ, ಅವರು ಎಲ್ಲ ಕ್ಲಬ್ಬುಗಳಲ್ಲಿಯೂ ಒಂದೇ ರೀತಿ ಇರುತ್ತಾರೆ. ಸಾಲಿನ ಕೊನೆಯಲ್ಲಿ ಬರುವವರು ಯಾರು, ಅವರ ಜೊತೆಗೆ ಯಾರಾದರೂ ಇದ್ದಾರೆಯೇ, ಅವರು ಬಂದು ಮುಟ್ಟುವ ಹೊತ್ತಿಗೆ ಉಳಿದವರು ಇನ್ನೂ ಅಲ್ಲಿಯೇ ಇದ್ದಾರೆಯೇ, ಚೀಲ ಹೆಗಲಿಗೇರಿಸಿ ಹೊರಟುಹೋಗಿದ್ದಾರೆಯೇ? ಇಷ್ಟನ್ನು ನೋಡಿದರೆ ಸಾಕು. ಕೊನೆಯವರು ಒಂಟಿಯಾಗಿ ಬರುವ ಕ್ಲಬ್ಬಾದರೆ, ಅದು ಎಷ್ಟೇ ಹೆಸರಾಂತದ್ದಾಗಿರಲಿ, ಅಲ್ಲಿಂದ ಎದ್ದುಬರುವುದೇ ಲೇಸು.

ಸೇರಿದ ಮೇಲೆ ಮೊದಲ ದಿನವೇ ಒಂದು ಮಾತನ್ನು ಬಾಯಿಬಿಟ್ಟು ಹೇಳಿಬಿಡಬೇಕು: ಹಿಂದೆ ಓಡುತ್ತಿದ್ದೆ, ಬಿಟ್ಟು ಹತ್ತೊಂಬತ್ತು ವರ್ಷವಾಯಿತು, ಮೂರು ಬಾರಿ ಕಣಕಾಲು ನೊಂದಿದೆ, ಎಂದು. ಹಳೆಯ ಪದಕಗಳ ಸುದ್ದಿ ಬೇಡ. ಹೇಳಿದರೆ ವೇಗದ ಗುಂಪಿಗೆ ಹಾಕಿಬಿಟ್ಟಾರು. ಆರಂಭದ ವಾರಗಳಲ್ಲಿ ಒಂದು ನಿಮಿಷ ಓಡಿ ಎರಡು ನಿಮಿಷ ನಡೆಯುವುದು, ಹೀಗೆ ಹತ್ತು ಸುತ್ತು, ಅರ್ಧ ಗಂಟೆಯಾಯಿತು. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಓಡುವ ಹೊತ್ತನ್ನು ಮೆಲ್ಲಮೆಲ್ಲನೆ ಏರಿಸಬಹುದು. ದೂರ ಮತ್ತು ವೇಗ ಎರಡನ್ನೂ ಒಂದೇ ವಾರದಲ್ಲಿ ಏರಿಸಕೂಡದು. ಉಸಿರು “ಇನ್ನಷ್ಟು” ಎನ್ನುವ ಮೂರನೆಯ ವಾರದಲ್ಲಿ ಹಿಂದಿನ ವಾರದ ಲೆಕ್ಕವನ್ನೇ ಮತ್ತೆ ಮಾಡುವುದು ಕ್ಷೇಮ. ಎಲುಬಿನ ಮೇಲೆ ಬೆರಳಿನಿಂದ ಒತ್ತಿ ಇಲ್ಲಿಯೇ ಎಂದು ತೋರಿಸಬಲ್ಲ ನೋವು, ನಡೆಯುವಾಗಲೂ ರಾತ್ರಿ ಮಲಗಿದಾಗಲೂ ಬಿಡದ ನೋವು, ಎಲುಬಿನಲ್ಲಿ ಕೂದಲೆಳೆಯಂಥ ಬಿರುಕಿನ ಸೂಚನೆಯಿರಬಹುದು. ಅದನ್ನು ಎಣ್ಣೆ ತಿಕ್ಕಿ ಸಹಿಸದೆ ವೈದ್ಯರಿಗೆ ತೋರಿಸಬೇಕು. ಓಡುವಾಗ ಎದೆ ಬಿಗಿದಂತಾದರೆ, ತಲೆ ಸುತ್ತಿ ಬಂದರೆ, ಅಲ್ಲಿಯೇ ನಿಲ್ಲಬೇಕು. ನಲವತ್ತು ದಾಟಿದವರು, ಅದರಲ್ಲಿಯೂ ಮನೆತನದಲ್ಲಿ ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಹೃದ್ರೋಗಗಳಿರುವವರು, ಆರಂಭಿಸುವ ಮುನ್ನವೇ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಲಿ. ಬೋವರ್‌ಮನ್ ಹೃದಯತಜ್ಞರನ್ನು ಹುಡುಕಿಕೊಂಡು ಹೋದದ್ದು ಸುಮ್ಮನಲ್ಲ.

ಶೋಭೆಯ ಪ್ರಶ್ನೆ ಉಳಿಯಿತು. ಹೆಂಗಸರ ಓಟದ ಶೋಭೆಯನ್ನು ಅಳೆಯಲು ಹೋದ ದೊಡ್ಡವರೆಲ್ಲ ನಗೆಪಾಟಲಾಗಿದ್ದಾರೆ. 1928ರ ಆಮ್‌ಸ್ಟರ್‌ಡಾಂ ಒಲಿಂಪಿಕ್ಸಿನಲ್ಲಿ ಹೆಂಗಸರು 800 ಮೀಟರ್ ಓಡಿ ದಣಿದದ್ದನ್ನು ಕಂಡು, ಈ ದೂರ ಅಬಲೆಯರಿಗೆ ಹೇಳಿದ್ದಲ್ಲವೆಂದು ಆ ಪಂದ್ಯವನ್ನೇ ತೆಗೆದುಹಾಕಿದರು. ಅದು ಮರಳಿ ಬಂದದ್ದು 1960ರಲ್ಲಿ. ಹೆಂಗಸರ ಮ್ಯಾರಥಾನ್ ಒಲಿಂಪಿಕ್ಸಿಗೆ ಬಂದದ್ದು 1984ರಲ್ಲಿ. ಗಂಡಸರೂ ಓಡಿ ದಣಿಯುತ್ತಾರೆಂಬುದು ಅಷ್ಟು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲವೆಂದು ಕಾಣುತ್ತದೆ. ನಮ್ಮ ಪಿ. ಟಿ. ಉಷಾ ಮದುವೆಯಾಗಿ, ಮಗನನ್ನು ಹೆತ್ತು, ಮತ್ತೆ ಓಟಕ್ಕೆ ಬಂದು, 1998ರಲ್ಲಿ ಜಪಾನಿನ ಫುಕುವೋಕದಲ್ಲಿ ನಡೆದ ಏಷ್ಯನ್ ಪಂದ್ಯಾವಳಿಯಲ್ಲಿ ಪದಕ ಗಳಿಸಿದರು. ಆಗ ಅವರಿಗೆ ಮೂವತ್ತನಾಲ್ಕು ವರ್ಷ. ಈ ಉದಾಹರಣೆಯನ್ನು ಶೋಭೆಗಾಗಿ ಕೊಟ್ಟೆನೇ ಹೊರತು ಅನುಸರಿಸಲೆಂದಲ್ಲ. ಅವರ ಬಿಡುವೂ ಬೇರೆ, ಕಾಲೂ ಬೇರೆ.

ಕ್ಲಬ್ಬಿನ ಹುಡುಗರು ನಕ್ಕಾರೆಂಬ ಭಯವಿದ್ದರೆ ಅದು ಒಂದೆರಡು ವಾರಗಳಲ್ಲಿ ತಾನಾಗಿ ಕಳೆಯುತ್ತದೆ. ಓಡುವವರಿಗೆ ತಮ್ಮ ತಮ್ಮ ಮೊಣಕಾಲಿನ ಚಿಂತೆಯೇ ಸಾಕಷ್ಟಿರುತ್ತದೆ. ಮನೆಯಲ್ಲಿ ಏನನ್ನುವರೋ ಎಂಬ ಸಂಕೋಚಕ್ಕೂ ಕಾರಣವಿರುವಂತೆ ತೋರುವುದಿಲ್ಲ. ಸೋದರಿಯವರ ಕಾಗದದ ಅಂಚಿನಲ್ಲಿಯೇ, ಪೆನ್ಸಿಲಿನಲ್ಲಿ, ಅವರ ಅತ್ತೆಯವರ ಅಭಿಪ್ರಾಯವೂ ದಾಖಲಾಗಿದೆ: “ಹೋಗಿ ಬಾರಮ್ಮ, ತಿಂಡಿ ನಾನು ನೋಡಿಕೊಳ್ಳುತ್ತೇನೆ, ಕಾಲು ಮುರಿದುಕೊಂಡು ಬಂದರೆ ಮಾತ್ರ ನನ್ನ ಕೈಯಲ್ಲಿ ಆಗದು.” ಇದಕ್ಕಿಂತ ವಿವೇಕದ ತರಬೇತುದಾರರು ಕ್ಲಬ್ಬಿನಲ್ಲಿ ಸಿಗುವರೋ ಇಲ್ಲವೋ ತಿಳಿಯದು.

ಚಿಲ್ಲರೆ ಸಂಗತಿಗಳು ಒಂದೆರಡು. ಬೂಟು ದುಬಾರಿಯದಾಗಬೇಕೆಂಬ ನಿಯಮವಿಲ್ಲ. ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗವಿದ್ದು, ಹಾಕಿಕೊಂಡೊಡನೆ ಹಾಯೆನಿಸಿದರೆ ಸರಿ. ಸಂಜೆ ಕಾಲು ಸ್ವಲ್ಪ ಊದಿರುವ ಹೊತ್ತಿನಲ್ಲಿ ಕೊಳ್ಳುವುದು ಜಾಣತನ. ಉಡುಪು ಯಾವುದಾದರೂ ಆಗಲಿ, ಕಾಲಿಗೆ ತೊಡರಬಾರದು. ಚೂಡಿದಾರ ತೊಟ್ಟು ಓಡುವವರು ಬೇಕಾದಷ್ಟು ಮಂದಿಯಿದ್ದಾರೆ, ದುಪ್ಪಟ್ಟವನ್ನು ಮನೆಯಲ್ಲಿ ಬಿಟ್ಟರಾಯಿತು. ಚಳಿಗಾಲದ ತಿಂಗಳುಗಳಲ್ಲಿ ಬೆಂಗಳೂರಿನಲ್ಲಿ ಆರು ಗಂಟೆಗೂ ಕತ್ತಲೆಯಿರುತ್ತದೆ. ಉದ್ಯಾನದವರೆಗೆ ಪಕ್ಕದ ಮನೆಯ ಹುಡುಗಿಯೊಡನೆ ಹೋಗುವುದು ಬೀದಿನಾಯಿಗಳ ದೃಷ್ಟಿಯಿಂದಲೂ ಒಳ್ಳೆಯದು. ಓಟ ಏಳು ಗಂಟೆಗೆ ಮುಗಿಯುವುದೇನೋ ಸರಿ. ಆದರೆ ಆಮೇಲೆ ಎಲ್ಲರೂ ಸೇರಿ ಇಡ್ಲಿ ಕಾಫಿಗೆಂದು ಹೋಟೆಲಿನಲ್ಲಿ ಕುಳಿತರೆ ಎಂಟೂವರೆಯಾದರೂ ಏಳುವುದಿಲ್ಲ. ಅತ್ತೆಯವರೊಡನೆ ಆ ಮಾತನ್ನು ಮುಂಚೆಯೇ ಆಡಿಟ್ಟುಕೊಳ್ಳಲಿ.